ಬಂಡೆಯ ಮೇಲೆ ಕಲಿತ ಅಳು

ಹೊತ್ತಲ್ಲದ ಹೊತ್ತಿನಲ್ಲಿ ಈರುಳ್ಳಿ ವಾಸನೆ ಬಂದರೆ ಮನೆಯಲ್ಲಿ ಏನೋ ಕಿತಾಪತಿ ನಡೆದಿದೆ ಎಂದೇ ತಿಳಿಯಬೇಕು. ಮೊನ್ನೆ ಸಾರು ಇಳಿಸಿ, ಒಲೆ ಆರಿಸಿ, ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದೆ. ನಡುಮನೆಯಿಂದ ಘಾಟು ಬಂತು. ಎದ್ದು ಹೋಗಿ ನೋಡಿದರೆ ನನ್ನ ಮೊಮ್ಮಗಳು ಶೋಭ ಕನ್ನಡಿಯ ಮುಂದೆ ಕೂತು ಅರ್ಧ ಹೋಳು ಈರುಳ್ಳಿಯನ್ನು ಕಣ್ಣ ಕೆಳಗೆ ತಿಕ್ಕಿಕೊಳ್ಳುತ್ತಿದ್ದಾಳೆ. ಮೂಗು ಸೋರುತ್ತಿದೆ, ಕಣ್ಣು ಕೆಂಡವಾಗಿದೆ, ಮುಖದಲ್ಲಿ ಮಾತ್ರ ದುಃಖದ ಸುಳಿವೇ ಇಲ್ಲ.

“ಏನೇ ಇದು? ಸಾರಿಗೆ ಹಾಕೋದ ಮೊಕಕ್ಕೆ ಹಾಕ್ಕತಿದ್ದೀಯ?”

“ಸ್ಕೂಲ್ ಡೇ ಅಜ್ಜಿ. ನಾಟಕದಲ್ಲಿ ನಾನು ಅಳಬೇಕು. ಅಳು ಬತ್ತಾನೇ ಇಲ್ಲ.”

ಅವಳ ಪಾಠದಲ್ಲೊಂದು ನಗೆನಾಟಕವಿದೆ. ಅದರಲ್ಲೊಬ್ಬಳು ಮುದುಕಿ ಗಡದ್ದಾಗಿ ಉಂಡು ಮಲಗುತ್ತಾಳೆ. ಅಲುಗಾಡದ್ದು ಕಂಡು ಮನೆಯವರೆಲ್ಲ ಸತ್ತಳೆಂದು ತಿಳಿಯುತ್ತಾರೆ. ಮೊಮ್ಮಗಳು ಗೋಳಾಡುತ್ತಾಳೆ. ಆಮೇಲೆ ಮುದುಕಿ ಎದ್ದು ಕೂತು ಕಾಫಿ ಕೇಳುತ್ತಾಳೆ. ಪಾಠದ ಕೊನೆಯಲ್ಲಿ ಪ್ರಶ್ನೆ ಬೇರೆ: ‘ಈ ನಾಟಕದ ಪಾತ್ರಗಳಲ್ಲಿ ತಪ್ಪು ತಿಳುವಳಿಕೆ ಹೇಗೆ ಉಂಟಾಯಿತು? ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.’

ತಪ್ಪು ತಿಳುವಳಿಕೆ ನಾಲ್ಕು ವಾಕ್ಯಕ್ಕೆ ಮುಗಿಯುವುದಾದರೆ ನಮ್ಮ ಸೀಮೆಯ ಅರ್ಧ ನೆಂಟಸ್ತಿಕೆ ಮುರಿಯುತ್ತಲೇ ಇರಲಿಲ್ಲ. ನನ್ನ ತಮ್ಮ ಕೆಂಪನನ್ನೇ ನೋಡಿ. ಬಂಡೆಯ ಆಚೆ, ನನ್ನ ತವರಿನಲ್ಲಿದ್ದಾನೆ. ಅವನ ಮೊಮ್ಮಗನ ನಾಮಕರಣದ ದಿನ ಪಾಯಸ ಸೀದಿದೆ ಎಂದೆ. ಸೀದಿತ್ತು. “ಇನ್ನು ನಿನ್ನ ಹೊಸ್ತಿಲು ತುಳಿದ್ರೆ ಕೇಳು” ಎಂದ. ಅದಾದ ಮೇಲೆ ಯುಗಾದಿಗೂ ಇಲ್ಲ, ಗೌರಿಹಬ್ಬಕ್ಕೂ ಇಲ್ಲ. ತಳ ಹತ್ತಿದ ಪಾಯಸವನ್ನು ಚೆನ್ನಾಗಿದೆ ಎಂದು ಹೇಳುವಷ್ಟು ಒಳ್ಳೆಯತನ ನನಗೆ ಈ ವಯಸ್ಸಿನಲ್ಲಿ ಎಲ್ಲಿಂದ ಬರಬೇಕು?

ಶೋಭಳ ಕೈಯಿಂದ ಈರುಳ್ಳಿ ಕಿತ್ತುಕೊಂಡೆ. ಕಿತ್ತುಕೊಂಡವಳು ಅದನ್ನು ಮೂಗಿಗೆ ಹಿಡಿದು ಹಾಗೇ ನಿಂತುಬಿಟ್ಟೆ. ನಾನೂ ಇಂಥದ್ದೊಂದು ನಾಟಕದಲ್ಲಿ ಅತ್ತವಳೇ. ಕೂತುಕೊಳ್ಳಿ, ಹೇಳುತ್ತೇನೆ. ನನ್ನ ಓದು ಮೂರನೇ ಕ್ಲಾಸಿಗೆ ನಿಂತಿತು. ಒತ್ತಕ್ಷರ ಬಂದರೆ ಈಗಲೂ ಹಳ್ಳದಂಚಿಗೆ ಬಂದ ಎಮ್ಮೆಯ ಹಾಗೆ ನಿಲ್ಲುತ್ತೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ, ನನಗೆ ಹೇಳಲು ಬರಬೇಡಿ.

ಆಗ ಮಹಾರಾಜರ ಕಾಲ. ರಾಮನಗರವನ್ನು ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಊರಿನ ಹೆಸರು ಬದಲಾಯಿತು, ಬಂಡೆಗಳು ಇದ್ದಲ್ಲೇ ಇವೆ. ಕೈಲಾಂಚದ ಕಡೆ ಎರಡು ಊರುಗಳ ನಡುವೆ ಆನೆ ಮಲಗಿದ ಹಾಗೆ ಒಂದು ಬಂಡೆಯಿದೆ. ಬಂಡೆಯ ಆಚೆ ನಾನು ಹುಟ್ಟಿದ ಊರು, ಈಚೆ ಈಗ ಕೂತು ಬರೆಯುತ್ತಿರುವ ಊರು. ಕಾಗೆಗೆ ಒಂದೇ ಹಾರು. ಮನುಷ್ಯರು ಮಾತ್ರ ಬಂಡೆಯ ಬುಡ ಸುತ್ತಿ, ಹಳ್ಳ ಇಳಿದು ಹತ್ತಿ ಬರಬೇಕು. ಬೆಳಗಿನ ಮುದ್ದೆ ಉಂಡು ಹೊರಟರೆ ಹೊಟ್ಟೆ ಮತ್ತೆ ಹಸಿಯುವ ಹೊತ್ತಿಗೆ ತಲುಪಬಹುದು.

ನಮ್ಮೂರ ಶಾಲೆ ಎಂದರೆ ಊರ ಚಾವಡಿ. ನನ್ನನ್ನು ಅಲ್ಲಿಗೆ ಕಳಿಸಿದ್ದು ವಿದ್ಯೆ ಬರಲಿ ಎಂದಲ್ಲ. ಆಡು ಕಾಯಲು ಬಿಟ್ಟರೆ ಅವನ್ನು ಹಿಪ್ಪುನೇರಳೆ ತೋಟಕ್ಕೆ ನುಗ್ಗಿಸಿ ನಾನು ಚನ್ನಪಟ್ಟಣದ ಬಣ್ಣದ ಬುಗುರಿ ಆಡಿಸುತ್ತಾ ಕೂರುತ್ತಿದ್ದೆ. ರೇಷ್ಮೆಹುಳುವಿಗೆ ಸೊಪ್ಪಿಲ್ಲದಾಯಿತು. “ಆಡ ಮನೇಲಿ ಕಟ್ಟಿ, ಇವಳ್ನ ಇಸ್ಕೂಲಲ್ಲಿ ಕಟ್ಟು” ಎಂದ ಅಪ್ಪ. ಹುಡುಗಿ ಅಂತ ಅಲ್ಲಿ ಇದ್ದದ್ದು ನಾನೊಬ್ಬಳೇ. ಹುಡುಗಿ ಎಂದು ಮೇಷ್ಟ್ರು ಹೇಳುತ್ತಿದ್ದರು, ಹುಡುಗರು ಯಾರೂ ನಂಬಿರಲಿಲ್ಲ.

ಮೇಷ್ಟ್ರು ಮೈಸೂರು ಕಡೆಯವರು. ಪ್ರತಿವರ್ಷ ಮಹಾರಾಜರ ಹುಟ್ಟುಹಬ್ಬಕ್ಕೆ ಪಟಕ್ಕೆ ಹಾರ ಹಾಕಿ, ಹಾಡು ಹೇಳಿಸಿ, ಕಲ್ಲುಸಕ್ಕರೆ ಹಂಚಿ ಕಳಿಸುತ್ತಿದ್ದರು. ಆ ವರ್ಷ ಅವರಿಗೆ ನಾಟಕದ ಹುಚ್ಚು ಹತ್ತಿತು. ಪಾಠದ ಪುಸ್ತಕದಲ್ಲಿದ್ದ ಪುಟ್ಟ ನಾಟಕ. ಒಬ್ಬ ಜಿಪುಣ. ಅವನ ಮನೆಗೆ ನೆಂಟನೊಬ್ಬ ಬರುತ್ತಾನೆ. ಅವನಿಗೆ ಊಟ ಹಾಕುವುದು ತಪ್ಪಲೆಂದು ಜಿಪುಣ ಸತ್ತ ಹಾಗೆ ಮಲಗುತ್ತಾನೆ, ಹೆಂಡತಿ ಗೋಳಾಡುತ್ತಾಳೆ. ನೆಂಟ ಕಣ್ಣೊರೆಸಿಕೊಂಡು, “ಹಾಗಾದರೆ ತಿಥಿ ಊಟ ಮುಗಿಸಿಕೊಂಡೇ ಹೋಗುತ್ತೇನೆ” ಎನ್ನುತ್ತಾನೆ. ಅದನ್ನು ಕೇಳಿದ ಜಿಪುಣ, “ಅಯ್ಯೋ ಬೇಡ, ನಾನು ಸತ್ತಿಲ್ಲ!” ಎಂದು ಎದ್ದು ಕೂರುತ್ತಾನೆ. ಅಷ್ಟೆ.

ಜಿಪುಣನ ಪಾತ್ರಕ್ಕೆ ರಹೀಮ. ಅವರಪ್ಪ ಊರೂರಿನ ರೇಷ್ಮೆಗೂಡು ಕೊಂಡು ಪೇಟೆಯ ನೂಲು ತೆಗೆಯುವವರಿಗೆ ಮಾರುತ್ತಿದ್ದ. ರಹೀಮ ಶಾಲೆಯಲ್ಲೆಲ್ಲ ಉದ್ದದ ಹುಡುಗ. ಹೊಟ್ಟೆ ಬರಲೆಂದು ಮೇಷ್ಟ್ರು ಅವನ ಅಂಗಿಯೊಳಗೆ ಹುಲ್ಲು ತುರುಕಿದರು. ನೆಂಟನ ಪಾತ್ರಕ್ಕೆ ಅಂಗಡಿ ಶೆಟ್ಟರ ಮಗ ನಂಜುಂಡ. ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೆ ಹೇಳುವವನು, ನಿಲ್ಲಿಸು ಎಂದರೂ ನಿಲ್ಲಿಸದವನು. ಹೆಂಡತಿ ನಾನು. ಹುಡುಗರು ಯಾರೂ ಬಳೆ ತೊಡಲು ಒಪ್ಪಲಿಲ್ಲ.

ನನಗೆ ಅಳು ಬರುತ್ತಿರಲಿಲ್ಲ. ಚಾಪೆಯ ಮೇಲೆ ರಹೀಮ ಕಣ್ಣು ಮುಚ್ಚಿ ಮಲಗಿದ್ದು ನೋಡಿದರೆ ನಗು ಉಕ್ಕುತ್ತಿತ್ತು.

“ಅಮ್ಮಾ ತಾಯಿ, ನಿನ್ನ ಗಂಡ ಸತ್ತಿದ್ದಾನೆ, ಸ್ವಲ್ಪ ಬೇಜಾರಾದರೂ ಮಾಡಿಕೊ” ಎಂದು ಮೇಷ್ಟ್ರು ಕೈಮುಗಿದರು.

“ಸತ್ತೋನು ಕಿಸೀತಾವ್ನೆ ಸಾ!” ಎಂದೆ ನಾನು.

“ಅವಳೇ ಕಚಗುಳಿ ಇಟ್ಟಿದ್ದು ಸಾ!” ಎಂದಿತು ಹೆಣ.

ಈರುಳ್ಳಿಯನ್ನೂ ನೋಡಿದ್ದಾಯಿತು. ಕಣ್ಣೀರು ಬಂತು, ಜೊತೆಗೆ ಸೀನೂ ಬಂತು. ಮೇಷ್ಟ್ರು ಸೋತು, “ಊರಲ್ಲಿ ಚೆನ್ನಾಗಿ ಅಳುವವರು ಯಾರಾದರೂ ಇದ್ದರೆ ಹೋಗಿ ಕಲಿತುಕೊಂಡು ಬಾ” ಎಂದರು.

ಚೆನ್ನಾಗಿ ಅಳುವವರು ನಮ್ಮ ಮನೆಯಲ್ಲೇ ಇದ್ದರು. ಅಪ್ಪನ ಅಣ್ಣನ ಹೆಂಡತಿ, ನನ್ನ ದೊಡ್ಡವ್ವ. ಸುತ್ತಿನಲ್ಲಿ ಎಲ್ಲಿ ಸಾವಾದರೂ ಅವಳು ಹೋಗಿ ದನಿ ತೆಗೆದ ಮೇಲೇ ಉಳಿದ ಹೆಂಗಸರು ದನಿಗೂಡಿಸಬೇಕು. ಸತ್ತವನು ಎಂಥಾ ಪೋಲಿಯಾಗಿರಲಿ, ದೊಡ್ಡವ್ವನ ಬಾಯಿಗೆ ಬಿದ್ದರೆ ಧರ್ಮರಾಯನಾಗಿ ಎದ್ದು ಹೋಗುತ್ತಿದ್ದ. ಬದುಕಿದ್ದಾಗ ಅವನ ಮುಖಕ್ಕೆ ಉಗಿದವರೆಲ್ಲ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಿದ್ದರು.

ಆದರೆ ಆ ದಿನಗಳಲ್ಲಿ ದೊಡ್ಡವ್ವನಿಗೆ ತನ್ನದೇ ಒಂದು ಚಿಂತೆ ಇತ್ತು. ಮಗಳು ಪುಟ್ಟಮ್ಮನ ಮದುವೆ ಶ್ರಾವಣಕ್ಕೆ ನಿಂತಿತ್ತು. ಗಂಡು ಸಿಕ್ಕಿದ್ದ, ಸೀರೆ ಬಂದಿತ್ತು, ಸೋದರಮಾವನೇ ಇರಲಿಲ್ಲ. ನಮ್ಮಲ್ಲಿ ಹೆಣ್ಣನ್ನು ಹಸೆಗೆ ಎತ್ತಿಕೊಂಡು ಬಂದು ಕೂರಿಸುವವನು ಸೋದರಮಾವ. ಅವನಿಲ್ಲದೆ ಹೆಣ್ಣು ತಾನೇ ನಡೆದು ಬಂದರೆ, ತವರಿಲ್ಲದವಳ ಮಗಳು ಎಂದು ಬೀಗರು ಸಾಯುವ ತನಕ ಆಡಿಕೊಳ್ಳುತ್ತಾರೆ. ದೊಡ್ಡವ್ವನ ತಮ್ಮ ಬೋರೇಗೌಡ ಬಂಡೆಯ ಈಚೆಯ ಈ ಊರಿನಲ್ಲೇ ಗುಂಡುಕಲ್ಲಿನ ಹಾಗಿದ್ದ. ಬರುತ್ತಿರಲಿಲ್ಲ, ಅಷ್ಟೆ.

ಜಗಳಕ್ಕೆ ಕಾರಣ ಒಂದು ವೀಳ್ಯದೆಲೆ. ಬೋರೇಗೌಡನ ಮನೆಯ ಒಂದು ಮದುವೆಯಲ್ಲಿ ಮೊದಲ ವೀಳ್ಯ ಅಕ್ಕನ ಗಂಡನಿಗೆ, ಎಂದರೆ ನನ್ನ ದೊಡ್ಡಪ್ಪನಿಗೆ, ಸಲ್ಲಬೇಕಾಗಿತ್ತು. ಮಾಗಡಿ ಕಡೆಯಿಂದ ಗಾಡಿಚಕ್ರದಷ್ಟು ದೊಡ್ಡ ರುಮಾಲು ಸುತ್ತಿಕೊಂಡು ಬಂದ ಯಾವನೋ ಬೀಗನಿಗೆ ಸಂದುಹೋಯಿತು. ದೊಡ್ಡಪ್ಪ ಎಲೆಯ ಮುಂದಿನಿಂದ ಎದ್ದು ಬಂದ. “ನಾನು ಸತ್ತಮ್ಯಾಲೆ ಬರೇಳು ನಿನ್ನ ತಮ್ಮನ್ನ” ಎಂದು ಹೆಂಡತಿಗೆ ಹೇಳಿದ. ಅದು ಅಲ್ಲಿಗೆ ತಲುಪಿತು. “ಅವನ ಹೆಣ ನೋಡಾಕಾದ್ರೆ ಬತ್ತೀನಿ, ಅಲ್ಲೀಗಂಟ ಆ ಹೊಸ್ತಿಲು ತುಳಿಯಾಕಿಲ್ಲ” ಎಂದು ಅಲ್ಲಿಂದ ಉತ್ತರ ಬಂತು. ಅಂದಿನಿಂದ ದೊಡ್ಡವ್ವ ತವರಿನ ಮುಖ ಕಂಡಿರಲಿಲ್ಲ. ಗಂಡಸರು ಹಟ ಹಿಡಿದರೆ ಕೂತು ಉಣ್ಣುತ್ತಾರೆ, ಹೆಂಗಸರು ಮಾತ್ರ ಅದನ್ನು ಹೊತ್ತು ತಿರುಗಬೇಕು.

ನಾಟಕದ ದಿನ ಬೆಳಿಗ್ಗೆ ನಾನು ಹೋಗಿ ಅವಳ ಸೆರಗು ಹಿಡಿದೆ.

“ದೊಡ್ಡವ್ವ, ನಂಗೆ ಗಂಡ ಸತ್ತೋರ ಅಳು ಹೇಳ್ಕೊಡು.”

ಸೌಟು ಎತ್ತಿದಳು. “ಬಾಯಿ ಮುಚ್ಚೇ ಮುಂಡೇದೆ! ಮದುವೆ ಮನೇಲಿ ಎಂಥಾ ಮಾತಾಡ್ತೀಯ!”

ನಾಟಕದ ವಿಷಯ ಹೇಳಿದೆ. ಸೌಟು ಇಳಿಯಿತು. ಬಾಗಿಲಾಚೆ ಬಂಡೆಯ ಕಡೆ ನೋಡಿ, “ಊರೊಳಗೆ ಆಗಾಕಿಲ್ಲ. ನಾನು ದನಿ ತೆಗುದ್ರೆ ಕೇರಿಯೋರು ಒಲೆ ಆರುಸ್ಬುಡ್ತಾರೆ” ಎಂದಳು. ಅದು ನಿಜ. ಹೆಣ ಮಣ್ಣಿಗೆ ಹೋಗುವ ತನಕ ನಮ್ಮೂರಲ್ಲಿ ಒಲೆ ಹಚ್ಚುವುದಿಲ್ಲ. ಸುಳ್ಳು ಅಳು ಕೇಳಿ ಊರೆಲ್ಲ ಹಸಿದು ಕೂತರೆ ಆಮೇಲೆ ಯಾರು ಹೊಡೆಸಿಕೊಳ್ಳಬೇಕು?

“ಬಂಡೆ ಮ್ಯಾಕೆ ಹೋಗಾನ. ಅಲ್ಲಿ ಅತ್ರೆ ಯಾರ್ಗೂ ಕೇಳಾಕಿಲ್ಲ” ಎಂದಳು. ಹೊರಡುವ ಮುಂಚೆ ಊರಹಬ್ಬಕ್ಕೆ ಮಾತ್ರ ಇಳಿಸುವ ದೊಡ್ಡ ಮಡಕೆಯನ್ನು ಅಟ್ಟದಿಂದ ಇಳಿಸಿ, ಹುರುಳಿಕಾಳು ಹಾಕಿ ಒಲೆಯ ಮೇಲಿಟ್ಟಳು. ನನ್ನ ಅವ್ವ ಬೆರಗಾಗಿ, “ಯಾಕಕ್ಕ ಇಷ್ಟೊಂದು? ಯಾರ್ ಬತ್ತಾರೆ?” ಎಂದಳು.

“ಯಾರೂ ಇಲ್ಲ. ಮಾರಾಜರು ಹುಟ್ಟಿದ ದಿನ ಅಲ್ವೇನೆ” ಎಂದಳು ದೊಡ್ಡವ್ವ. ಅವಳಿಗೆ ಮಹಾರಾಜರ ಮೇಲೆ ಅಷ್ಟು ಭಕ್ತಿ ಇದೆಯೆಂದು ನಮಗೆ ಯಾರಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೋಡ ಮುಸುಕಿದ ಬೆಳಗು. ಬಂಡೆ ಹತ್ತಿದೆವು. ಸೆರಗಿನ ಗಂಟಿನಿಂದ ಉಪ್ಪಿನ ಹರಳು ತೆಗೆದು ನನ್ನ ನಾಲಿಗೆಯ ಕೆಳಗೊಂದು, ತನ್ನ ನಾಲಿಗೆಯ ಕೆಳಗೊಂದು ಇಟ್ಟಳು. “ಉಪ್ಪು ಬಾಯಲ್ಲಿದ್ರೆ ಸುಳ್ಳು ಅಳ ಯಮ ಲೆಕ್ಕಕ್ಕೆ ತಗಳಾಕಿಲ್ಲ.” ಆ ಶಾಸ್ತ್ರವನ್ನು ಅದಕ್ಕೆ ಮುಂಚೆಯೂ ಆಮೇಲೂ ನಾನು ಇನ್ನೊಬ್ಬರ ಬಾಯಲ್ಲಿ ಕೇಳಿಲ್ಲ. ಆಮೇಲೆ ಬಂಡೆಯ ನೆತ್ತಿಯಲ್ಲಿ, ನಮ್ಮೂರಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತಳು.

“ಈರುಳ್ಳಿ ಗೀರುಳ್ಳಿ ಬ್ಯಾಡ ಕಣೆ ಕೂಸೆ. ಸತ್ತೋರ್ಗೆ ಅಂತ ಅಳೋರು ಯಾರೂ ಇಲ್ಲ. ಎಲ್ಲಾರೂ ಅವರವರ್ಗೇ ಅಳೋದು. ನಿಂಗೇನ್ ಬೇಕಾಗಿತ್ತು, ಏನ್ ಸಿಗ್ನಿಲ್ಲ, ಅದ ನೆನುಸ್ಕೊ. ದನಿ ತಂತಾನೇ ಬತ್ತದೆ. ನೋಡೀಗ.”

ಎದೆಗೆ ಒಂದು ಗುದ್ದು ಹಾಕಿಕೊಂಡು ದನಿ ತೆಗೆದಳು.

“ಅಯ್ಯೋ ನನ್ನ ದೊರೆಯೇ, ಮಳೆ ಬಂದು ಹೊಲ ನೆಂದೈತೆ, ನೇಗ್ಲು ಕಟ್ಟೋರ್ ಯಾರಪ್ಪಾ… ಸಾರಿಗೆ ಉಪ್ಪು ಸಾಲ್ದು ಅಂತ ತಣಿಗೆ ದೂಕ್ತಿದ್ದ ನನ್ನ ದೊರೆಯೇ, ಇನ್ಯಾರ ಮುಂದೆ ದೂಕ್ತೀಯಪ್ಪಾ… ಹಸೆಗೆ ಕೂರೋ ಮಗಳ ಬುಟ್ಟು, ಅವಳ ಎತ್ತೋ ಮಾವನ್ನ ದೂರ ಮಾಡಿ, ಎಲ್ಲಿಗೆ ಓದ್ಯೋ ನನ್ನ ದೊರೆಯೇ…”

ದೊಡ್ಡಪ್ಪ ಕೆಳಗೆ ಕೊಟ್ಟಿಗೆಯಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದಾನೆಂದು ಗೊತ್ತಿದ್ದೂ ನನಗೆ ಅವನು ಸತ್ತೇಹೋದನೆನಿಸಿ, ನಾನೂ ಬಾಯಿ ಬಿಟ್ಟು ಅತ್ತೆ. ನನಗೆ ಬೇಕಾಗಿದ್ದು, ಸಿಗದೆ ಹೋಗಿದ್ದು, ಅಪ್ಪ ಕಿತ್ತಿಟ್ಟುಕೊಂಡಿದ್ದ ಆ ಬುಗುರಿ. ಅದನ್ನು ನೆನೆದು ಅತ್ತೆ. ಎಷ್ಟು ಚೆನ್ನಾಗಿ ಬಂತೆಂದರೆ ದೊಡ್ಡವ್ವನೇ, “ಒಸಿ ನಿಲ್ಸೆ, ನನ್ನ ದನಿ ಮುಚ್ಚೋಯ್ತದೆ” ಎಂದು ಗದರಿದಳು. ಆಮೇಲೆ ಮತ್ತೆ ತಾನೊಬ್ಬಳೇ, ಇನ್ನೂ ಎತ್ತರಕ್ಕೆ ತೆಗೆದಳು. ಕಲಿಯಬೇಕಾದವಳು ನಾನು, ಹೆಚ್ಚು ಅತ್ತವಳು ಅವಳು.

ನಾಟಕ ಇದ್ದದ್ದು ಹೊತ್ತು ಇಳಿಯುವ ಹೊತ್ತಿಗೆ. ಊರಿಗೆ ಊರೇ ಚಾವಡಿಯ ಮುಂದೆ ಬಂದು ಕೂತಿತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ನಡುವೆ ಕೂತ ದೊಡ್ಡಪ್ಪ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಚಾವಡಿಯ ಮೇಲೆ ಚಾಪೆ, ಚಾಪೆಯ ಮೇಲೆ ರಹೀಮ. ಅವನ ಮುಖ ಕಂಡರೆ ನಾನು ನಗುತ್ತೇನೆಂದು ತಲೆಯವರೆಗೂ ಹೊದಿಸಿದ್ದರು. ಹೊದಿಸಿದ್ದು ನಮ್ಮ ಮನೆಯಿಂದಲೇ ತಂದ, ದೊಡ್ಡಪ್ಪ ದಿನಾ ಹೆಗಲ ಮೇಲೆ ಹಾಕಿಕೊಂಡು ತಿರುಗುತ್ತಿದ್ದ ಕೆಂಪಂಚಿನ ಹೊದಿಕೆ. ಒಳಗಿನ ಹುಲ್ಲಿನ ಹೊಟ್ಟೆಯೂ ಥೇಟ್ ದೊಡ್ಡಪ್ಪನ ಹೊಟ್ಟೆಯ ಹಾಗೇ ಎದ್ದಿತ್ತು. ನಾನು ಪಕ್ಕದಲ್ಲಿ ಕೂತು ಬುಗುರಿಯನ್ನು ನೆನೆದು ದನಿ ತೆಗೆದೆ. ಹೆಂಗಸರ ಸಾಲಿನಲ್ಲಿ ಮೂಗೊರೆಸುವ ಸದ್ದೆದ್ದಿತು. ಯಾರೋ ಮುದುಕಿ ತಡೆಯಲಾರದೆ ನಿಜವಾಗಿಯೇ ದನಿಗೂಡಿಸಿದಳು. ಅವಳನ್ನು ನೋಡಿ ಇನ್ನೊಬ್ಬಳು.

ಆ ಹೊತ್ತಿಗೆ ಸರಿಯಾಗಿ ಬೋರೇಗೌಡ ಊರೊಳಗೆ ಕಾಲಿಟ್ಟ.

ಅವನ ಕಣ್ಣಿಗೆ ಏನು ಕಂಡಿರಬೇಕು, ನೀವೇ ಯೋಚಿಸಿ. ಬೆಳಿಗ್ಗೆ ಬಂಡೆಯ ಕಡೆಯಿಂದ ಅಕ್ಕನ ಗೋಳು ಕೇಳಿದೆ. ಇಲ್ಲಿ ಬಂದರೆ ಬೀದಿ ಖಾಲಿ, ಒಂದು ಮನೆಯ ಮೇಲೂ ಹೊಗೆಯಿಲ್ಲ. ಚಾವಡಿಯ ಮುಂದೆ ಊರೆಲ್ಲ ಕೂತಿದೆ, ಹೆಂಗಸರು ಅಳುತ್ತಿದ್ದಾರೆ, ಮೇಲೆ ಭಾವನ ಕೆಂಪಂಚಿನ ಹೊದಿಕೆ, ಹೊದಿಕೆಯ ಕೆಳಗೆ ಭಾವನ ಹೊಟ್ಟೆ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು?

ಅವನ ಕಂಕುಳಲ್ಲಿ ಪೇಟೆಗೆ ಹೋಗಿ ತಂದ ಹೊಸ ಬಿಳಿ ಬಟ್ಟೆಯ ಸುರುಳಿ. ಗಂಡ ಸತ್ತರೂ ಹೆಂಡತಿ ಸತ್ತರೂ ಹೆಣದ ಮೇಲೆ ಹೊದಿಸುವ ಬಟ್ಟೆ ಹೆಂಡತಿಯ ತವರಿನಿಂದಲೇ ಬರಬೇಕು. ಹಿಂದೆ ಅವನ ಹೆಂಡತಿ ಬಾಯಿಗೆ ಸೆರಗು ತುರುಕಿಕೊಂಡು ಬರುತ್ತಿದ್ದಳು. ಬೋರೇಗೌಡ ಜನರನ್ನು ಸೀಳಿಕೊಂಡು ಚಾವಡಿ ಹತ್ತಿದ, ಬಟ್ಟೆ ಬಿಚ್ಚಿ ರಹೀಮನ ಮೇಲೆ ಹರಡಿದ, ಹೊಟ್ಟೆಯ ಮೇಲೆ ತಲೆಯಿಟ್ಟುಬಿಟ್ಟ.

“ಭಾವಾ! ಆ ವೀಳ್ಯ ನಿಂಗೇ ಮೊದ್ಲು ಕೊಡ್ಬೇಕಾಗಿತ್ತು ಕಣ್ ಭಾವಾ! ಆ ಮಾಗಡಿಯೋನ ರುಮಾಲ ನೋಡಿ ಮರುಳಾಗ್ಬುಟ್ಟೆ. ತಪ್ಪು ನಂದೇ ಕಣ್ ಭಾವಾ! ಒಂದ್ ಮಾತು ಹೇಳಾಕೂ ಬುಡ್ದಂಗೆ ಹೊಂಟೋದ್ಯಲ್ಲಾ!”

ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರೇ ಬೋರೇಗೌಡನನ್ನೂ ನಾಟಕಕ್ಕೆ ಸೇರಿಸಿದ್ದಾರೆ ಎಂದುಕೊಂಡರು. ಪರಸ್ಥಳದವರಾದ ಮೇಷ್ಟ್ರು ಕಂಬದ ಹಿಂದೆ ಪುಸ್ತಕದ ಹಾಳೆ ತಿರುವುತ್ತಾ, ಈ ಮಾತು ಎಲ್ಲಿದೆ ಎಂದು ಹುಡುಕುತ್ತಿದ್ದರು. ದೊಡ್ಡಪ್ಪ ಮಾತ್ರ ನಗು ನಿಲ್ಲಿಸಿ ಎದ್ದು ನಿಂತಿದ್ದ. ಬಾಯಿ ತೆರೆದೇ ಇತ್ತು.

ನಾನು ಅಳುವುದು ಮರೆತು ಕೂತಿದ್ದೆ. ನಂಜುಂಡ ಮರೆಯುವವನೇ? ಎರಡು ಹೆಜ್ಜೆ ಮುಂದೆ ಬಂದು, ಪುಸ್ತಕದಲ್ಲಿದ್ದ ಹಾಗೇ, “ಹಾಗಾದರೆ ತಿಥಿ ಊಟ ಮುಗಿಸಿಕೊಂಡೇ ಹೋಗುತ್ತೇನೆ” ಎಂದ.

ಬೋರೇಗೌಡ ತಲೆಯೆತ್ತಿದ. “ಹೆಣ ಇನ್ನೂ ಮಣ್ಣಾಗಿಲ್ಲ, ತಿಥಿ ಊಟಕ್ಕೆ ಬಾಯಿ ಬುಡ್ತೀಯೇನ್ಲಾ ಹೊಟ್ಟೆಬಾಕ!” ಎಂದು ಕೈಯೆತ್ತಿದ.

ತಿಥಿ ಊಟ ಎಂಬ ಮಾತು ಕೇಳಿದರೆ ಏಳಬೇಕೆಂದು ರಹೀಮನಿಗೆ ಹೇಳಿಕೊಟ್ಟಿತ್ತು. ಅವನು ಬಿಳಿ ಬಟ್ಟೆ ಸಮೇತ ಭಗ್ಗನೆ ಎದ್ದು ಕೂತು, “ಅಯ್ಯೋ ಬೇಡ, ನಾನು ಸತ್ತಿಲ್ಲ!” ಎಂದು ಕಿರುಚಿದ.

ಬೋರೇಗೌಡ ಚಾವಡಿಯಿಂದ ಹಿಂದಕ್ಕೆ ಬಿದ್ದ. ಬಿದ್ದದ್ದು ನೆಟ್ಟಗೆ ದೊಡ್ಡಪ್ಪನ ಕಾಲ ಬುಡಕ್ಕೆ.

ದೊಡ್ಡಪ್ಪ ಬಗ್ಗಿ ನೋಡಿದ. “ಏಳ್ಲಾ ಬೋರ. ಆ ವೀಳ್ಯದ ಮಾತ ಇನ್ನೊಂದ್ ಕಿತ ಹೇಳು. ಒಸಿ ಜೋರಾಗಿ.”

ಆಮೇಲೆ ನಡೆದದ್ದು ಪುಸ್ತಕದಲ್ಲಿ ಇರಲಿಲ್ಲ. ಭಾವ ಬದುಕಿದ್ದಾನೆಂದು ತಿಳಿದ ಮೇಲೆ ಬೋರೇಗೌಡನಿಗೆ ಸಂತೋಷವಾಗಬೇಕಿತ್ತಲ್ಲವೇ? ಆಗಲಿಲ್ಲ. ಉರಿದುಬಿದ್ದ. “ಊರ್ ಮುಂದೆ ನನ್ನ ಕೈಲಿ ತಪ್ಪೊಪ್ಪುಸಾಕೆ ಆಟ ಕಟ್ಟಿದ್ದೀರ! ಅಕ್ಕನ ಕೈಲೂ ಅಳುಸಿದ್ದೀರ!” ಎಂದ. ದೊಡ್ಡಪ್ಪನೂ ಉರಿದ. “ಬದುಕಿರೋನಿಗೆ ಹೆಣದ ಬಟ್ಟೆ ತಂದೀಯಲ್ಲಾ, ನಿನ್ನ ಮನಸಲ್ಲಿ ಎಷ್ಟು ದಿನದಿಂದ ಇತ್ತು ಇದು?” ಎಂದ. ಬೋರೇಗೌಡ ಬಟ್ಟೆಯನ್ನು ರಹೀಮನಿಂದ ಕಿತ್ತು ಸುರುಳಿ ಸುತ್ತತೊಡಗಿದ. ಪುಟ್ಟಮ್ಮ ಹೆಂಗಸರ ನಡುವೆ ತಲೆ ತಗ್ಗಿಸಿದ್ದಳು. ಕೈಗೆ ಬಂದ ಸೋದರಮಾವ ಮತ್ತೆ ಬಂಡೆಯ ಆಚೆಗೆ ಹೊರಟಿದ್ದ. ಈ ಸಲ ಹೋದರೆ ಮುಗಿಯಿತು.

ಆಗ ದೊಡ್ಡವ್ವ ಎದ್ದಳು. ಅಲ್ಲಿಯವರೆಗೆ ಮುಖಕ್ಕೆ ಸೆರಗು ಮುಚ್ಚಿ ಕೂತಿದ್ದಳು. ಭುಜ ಅಲುಗುತ್ತಿತ್ತು. ಎಲ್ಲರೂ ಅಳುತ್ತಿದ್ದಾಳೆ ಎಂದುಕೊಂಡಿದ್ದರು. ನಾನು ಮೇಲೆ ಕೂತಿದ್ದವಳು, ನನಗೆ ಹಲ್ಲು ಕಾಣುತ್ತಿತ್ತು.

“ಬಟ್ಟೆ ಕೆಳಗಿಡೋ ಬೋರ” ಎಂದಳು. “ಹೆಣಕ್ಕೆ ತಂದ ಬಟ್ಟೆ ವಾಪಸ್ ತಗೊಂಡೋದ್ರೆ ತಗೊಂಡೋದ ಮನೇಲೇ ಅದಕ್ಕೆ ಹೆಣ ಬೇಕಾಯ್ತದೆ. ಗೊತ್ತಿಲ್ವಾ?”

ಬೋರೇಗೌಡನ ಕೈ ನಿಂತಿತು. ಅವನ ಹೆಂಡತಿ ಸುರುಳಿಯನ್ನು ಬೆಂಕಿ ಮುಟ್ಟಿದಂತೆ ಕಿತ್ತು ಕೆಳಗೆ ಹಾಕಿದಳು.

“ಇನ್ನೂ ಒಂದೈತೆ. ಬದುಕಿರೋನ ಮ್ಯಾಲೆ ಬಟ್ಟೆ ಹಾಕಾಕ್ ಬಂದೋನು ಅದೇ ಮನೇಲಿ ನೀರು ಉಯ್ಕೊಂಡು, ಉಂಡು, ಮನೆ ಯಜಮಾನನಿಗೆ ತನ್ನ ಕೈಯಾರ ವೀಳ್ಯ ಕೊಡ್ಬೇಕು. ಇಲ್ದಿದ್ರೆ ಇಬ್ಬರ ಆಯಸ್ಸಿಗೂ ಒಳ್ಳೇದಲ್ಲ. ನಮ್ಮಜ್ಜಿ ಹೇಳ್ತಿದ್ಲು.”

ಇದು ಉಪ್ಪಿನ ಹರಳಿನ ಶಾಸ್ತ್ರದ ತಂಗಿ ಎಂದು ನನಗೆ ಕೂಡಲೇ ಹೊಳೆಯಿತು. ಆದರೆ ಆಯಸ್ಸಿನ ಮಾತು ಬಂದರೆ ಗಂಡಸರು ಪ್ರಶ್ನೆ ಕೇಳುವುದಿಲ್ಲ. ಬೋರೇಗೌಡ ಭಾವನನ್ನು ನೋಡಿದ, ಭಾವ ಆಕಾಶ ನೋಡಿದ.

“ನಾನು ಸತ್ತಮ್ಯಾಲೆ ಬಾ ಅಂತ ಅಲ್ವಾ ಹೇಳಿದ್ದು?” ಎಂದ ದೊಡ್ಡಪ್ಪ, ದನಿ ಇಳಿಸಿ.

“ಸತ್ತೆ ಅಂತಾನೇ ಬಂದಿವ್ನಿ ಭಾವ” ಎಂದ ಬೋರೇಗೌಡ. “ನಾನು ಮಾತು ತಪ್ನಿಲ್ಲ, ನೀನೇ ತಪ್ದೆ.”

ಊರೆಲ್ಲ ನಕ್ಕಿತು. ದೊಡ್ಡಪ್ಪನಿಗೂ ತಡೆಯಲಾಗಲಿಲ್ಲ.

ಸ್ನಾನಕ್ಕೆ ಹಂಡೆಯಲ್ಲಿ ಬಿಸಿನೀರು ತಯಾರಿತ್ತು. ಊಟಕ್ಕೆ ದೊಡ್ಡ ಮಡಕೆಯ ಹುರುಳಿ ಸಾರು ತಯಾರಿತ್ತು. ತಟ್ಟೆಯಲ್ಲಿ ಎಲೆ, ಅಡಿಕೆ, ತೊಟ್ಟು ಮುರಿದು ಜೋಡಿಸಿಯೂ ಆಗಿತ್ತು. ಯಾರೂ ಬರುವುದಿಲ್ಲ ಎಂದ ಮನೆಯಲ್ಲಿ ಇಷ್ಟೆಲ್ಲ ಹೇಗೆ ತಯಾರಾಯಿತು ಎಂದು ಉಣ್ಣುವವರಿಗೆ ಹೊಳೆಯುವುದಿಲ್ಲ. ಬೋರೇಗೌಡ ಮೊದಲ ವೀಳ್ಯ ಎತ್ತಿ ಭಾವನ ಕೈಗಿಟ್ಟ. ಶ್ರಾವಣದಲ್ಲಿ ಪುಟ್ಟಮ್ಮನನ್ನು ಹಸೆಗೆ ಎತ್ತಿ ತಂದವನೂ ಅವನೇ. ಹುಡುಗಿ ಗುಂಡುಗುಂಡಗಿದ್ದಳು. ದಾರಿಯಲ್ಲಿ ಎರಡು ಕಡೆ ಇಳಿಸಿ ಉಸಿರು ತೆಗೆದುಕೊಂಡ, ಆದರೂ ತಂದ.

ಬಿಳಿ ಬಟ್ಟೆ ಮನೆಗೆ ತರುವಂತಿಲ್ಲ, ವಾಪಸ್ ಕಳಿಸುವಂತಿಲ್ಲ. ಚಾವಡಿಯ ಮೇಲೆ ಅನಾಥವಾಗಿ ಬಿದ್ದಿತ್ತು. ಮೇಷ್ಟ್ರು ಹೆದರುತ್ತಾ ಬಂದು, “ಯಾರಿಗೂ ಬೇಡವಾದರೆ ಶಾಲೆಗೆ ಇರಲಿ. ನಾಟಕಕ್ಕೆ ಪರದೆ ಇಲ್ಲ” ಎಂದರು. ಆಮೇಲೆ ಬಹಳ ವರ್ಷ ನಮ್ಮೂರ ಶಾಲೆಯ ನಾಟಕಗಳೆಲ್ಲ ದೊಡ್ಡಪ್ಪನ ಹೆಣದ ಬಟ್ಟೆಯ ಹಿಂದೆಯೇ ಶುರುವಾದವು. ಪರದೆ ಸರಿದಾಗಲೆಲ್ಲ ದೊಡ್ಡಪ್ಪ ಮುಂದಿನ ಸಾಲಿನಲ್ಲಿ ಕೂತು, “ಹುಸಾರಾಗಿ ಎಳೀರ್ಲಾ, ಅದು ನಂದು” ಎನ್ನುತ್ತಿದ್ದ.

ಇಷ್ಟಾಗಿ ನಾನು ಆ ಬೋರೇಗೌಡನ ಮಗನನ್ನೇ ಮದುವೆಯಾಗಿ ಬಂಡೆಯ ಈಚೆ ಬಂದೆ. ಅಳುವ ಹುಡುಗಿ ಎಂದು ಅವತ್ತೇ ನೋಡಿಟ್ಟುಕೊಂಡಿದ್ದನಂತೆ ಮಾವ. ನಾನು ಆಮೇಲೆ ಹೆಚ್ಚು ಅಳಲಿಲ್ಲ, ಅಳಿಸಿದ್ದೇ ಹೆಚ್ಚು. ಬಂದ ಹೊಸದರಲ್ಲಿ ಒಂದು ದಿನ ನೀರಿಗೆ ಹೋಗಿ ಬಾವಿಯ ಕಟ್ಟೆಯ ಮೇಲೆ ನಿಂತಿದ್ದೆ. ಕಿವಿಯ ಪಕ್ಕದಲ್ಲೇ ಯಾರೋ, “ಲೇ, ಬೀಡಿ ಐತೇನ್ಲಾ?” ಎಂದ ಹಾಗಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಬಂಡೆಯ ನೆತ್ತಿಯಲ್ಲಿ ನನ್ನ ತವರಿನ ದನ ಕಾಯುವವರು ಕೂತಿದ್ದರು. ಬಂಡೆಯ ಮೇಲೆ ಈ ಕಡೆ ಮುಖ ಮಾಡಿ ಆಡಿದ ಮಾತು ಈ ಬಾವಿಗೆ ಬಂದು ಬೀಳುತ್ತದೆ. ಮಾವ ಅವತ್ತು ಅಕ್ಕನ ದನಿ ಕೇಳಿದ್ದೂ ಇಲ್ಲೇ, ಎತ್ತು ಕಟ್ಟಿ ಕಪಿಲೆಯಲ್ಲಿ ನೀರೆತ್ತುವಾಗ.

ದೊಡ್ಡವ್ವ ಹುಟ್ಟಿ ಬೆಳೆದದ್ದು ಈ ಊರಿನಲ್ಲಿ. ಮದುವೆಯಾಗುವ ತನಕ ನೀರು ಸೇದಿದ್ದು ಈ ಬಾವಿಯಿಂದ.

ಮುಂದಿನ ಹಬ್ಬಕ್ಕೆ ತವರಿಗೆ ಹೋದಾಗ ಕೇಳಿಯೇಬಿಟ್ಟೆ. “ಅಲ್ಲಿ ಅತ್ರೆ ಯಾರ್ಗೂ ಕೇಳಾಕಿಲ್ಲ ಅಂದ್ಯಲ್ಲ ದೊಡ್ಡವ್ವ? ನಮ್ಮೂರ್ಗೆ ಬೆನ್ನು ಮಾಡಿ ಯಾಕೆ ಕೂತೆ?”

ಎಲೆಗೆ ಸುಣ್ಣ ಸವರುತ್ತಾ, “ಬಿಸ್ಲು ಕಣ್ಣಿಗೆ ಹೊಡೀತಿತ್ತು ಕಣೆ” ಎಂದಳು.

ಆ ದಿನ ಮೋಡ ಮುಸುಕಿತ್ತು.

ಇದನ್ನೆಲ್ಲ ಶೋಭಳಿಗೆ ಹೇಳಿದೆ. ಅವಳು ಪೆನ್ನು ಕಚ್ಚಿಕೊಂಡು, “ಹಂಗಾದ್ರೆ ತಪ್ಪು ತಿಳ್ಕೊಂಡೋರು ಯಾರಜ್ಜಿ?” ಎಂದಳು. ಉತ್ತರ ನನಗೂ ಗೊತ್ತಿಲ್ಲ. ನಾಲ್ಕು ವಾಕ್ಯದಲ್ಲಂತೂ ಗೊತ್ತಿಲ್ಲ. “ಇರು, ನಾಟಕದ ದಿನ ಬೆಳಿಗ್ಗೆ ಅಳೋದು ಕಲಿಸ್ತೀನಿ” ಎಂದೆ.

ಮಂಡಿ ನೋವಿದೆ ಎಂದು ಬಂಡೆ ಹತ್ತುವುದು ಬಿಟ್ಟು ಬಹಳ ವರ್ಷವಾಗಿತ್ತು. ಇವತ್ತು ಬೆಳಿಗ್ಗೆ ಶೋಭಳ ಹೆಗಲು ಹಿಡಿದು, ಕೂತು ಎದ್ದು, ಹತ್ತಿದೆ. ಅವಳ ಬಾಯಿಗೆ ಉಪ್ಪಿನ ಹರಳು ಹಾಕಿದೆ. ನನ್ನ ಬಾಯಿಗೂ ಒಂದು ಹಾಕಿಕೊಂಡೆ. ಅವಳು ಈ ಕಡೆ ತಿರುಗಿ ಕೂರಲು ಹೋದಳು. ಭುಜ ಹಿಡಿದು ಆ ಕಡೆ, ನನ್ನ ತವರಿನ ಕಡೆ, ತಿರುಗಿಸಿ ಕೂರಿಸಿದೆ.

“ಯಾಕಜ್ಜಿ?”

“ಬಿಸ್ಲು ಕಣ್ಣಿಗೆ ಹೊಡೀತದೆ.”

“ಅಜ್ಜೀ…” ಎಂದು ಶುರು ಮಾಡಿದಳು. ಅವಳಿಂದ ಯಾರೋ ಕಸಿದುಕೊಂಡ ಏನನ್ನೋ ನೆನೆದುಕೊಂಡಿರಬೇಕು, ಚೆನ್ನಾಗಿಯೇ ಬಂತು.

“ಜಗತ್ತಿನಲ್ಲಿ ಅಜ್ಜೀರು ಒಬ್ರಾ ಇಬ್ರಾ? ಯಾರಜ್ಜಿ ಅಂತ ತಿಳೀಬ್ಯಾಡ್ವಾ? ನನ್ನ ಹೆಸರು ಸೇರಿಸ್ಕೊಂಡು ಅಳು. ಒಸಿ ಜೋರಾಗಿ” ಎಂದೆ. ಆ ಕಡೆ ಕೇಳಿಸಿಕೊಳ್ಳುವ ತಮ್ಮ ಕೆಂಪನ ಎದೆ ಗಟ್ಟಿ, ಹೆದರಬೇಕಾಗಿಲ್ಲ. ತನ್ನ ಮನೆಯ ಪಾಯಸ ತಿಂದೂ ಬದುಕಿರುವವನು.

ಇಳಿದು ಬಂದು ಸೊಸೆಗೆ ದೊಡ್ಡ ಪಾತ್ರೆ ಇಡಲು ಹೇಳಿದೆ.

“ಯಾಕತ್ತೆ, ಯಾರ್ ಬತ್ತಾರೆ?”

“ಯಾರೂ ಇಲ್ಲ. ಸ್ಕೂಲ್ ಡೇ” ಎಂದೆ.

ಈಗ ಜಗಲಿಯಲ್ಲಿ ಕೂತು ಬಂಡೆ ಸುತ್ತಿ ಬರುವ ದಾರಿ ನೋಡುತ್ತಾ ಇದನ್ನು ಬರೆಯುತ್ತಿದ್ದೇನೆ. ಒಂದೇ ಯೋಚನೆ. ಕೆಂಪ ಮೊದಲಿನಿಂದಲೂ ಕೈಬಿಗಿ ಮನುಷ್ಯ, ಬಟ್ಟೆ ತೆಳ್ಳಗಿನದು ತಂದರೆ ಏನು ಮಾಡುವುದು? ಶೋಭಳ ಶಾಲೆಯ ಪರದೆ ಹರಿದು ಹೋಗಿದೆಯಂತೆ.